ಕಹಳೆ ಹಿಡಿದ ಕಾದಂಬರಿಕಾರ

1957ರಲ್ಲಿ ಲಂಡನ್ನಿನ ಫಾಯ್ಲ್ ಪುಸ್ತಕದಂಗಡಿಯವರು ಏರ್ಪಡಿಸಿದ್ದ ಸಾಹಿತ್ಯ ಭೋಜನಕೂಟಕ್ಕೆ ಈವ್ಲಿನ್ ವಾ ಎಂಬ ಕಾದಂಬರಿಕಾರ ಒಂದು ಕಹಳೆಯನ್ನು ಹಿಡಿದು ಬಂದ. ಊದುವ ಕಹಳೆಯಲ್ಲ, ಕಿವಿ ಮಂದವಾದ ವೃದ್ಧರು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಿವಿಗೆ ಹಿಡಿದುಕೊಳ್ಳುತ್ತಿದ್ದಂಥದು. ಪುಟ್ಟ ಶ್ರವಣಯಂತ್ರಗಳು ಆ ವೇಳೆಗೆ ಅಂಗಡಿಗಳಲ್ಲಿ ದೊರೆಯುತ್ತಿದ್ದುವು. ಮಾಲ್ಕಮ್ ಮಗರಿಜ್ ಭಾಷಣಕ್ಕೆ ಎದ್ದು ನಿಂತೊಡನೆ ವಾ ಆ ಕಹಳೆಯನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟುಬಿಟ್ಟ. ಭಾಷಣ ಮುಗಿದ ಮೇಲೆ ಮತ್ತೆ ಕೈಗೆತ್ತಿಕೊಂಡ.

ಎಂಥ ನಾಟಕದ ಮನುಷ್ಯ ಎಂದು ವಾಚಕರಿಗೆ ಅನ್ನಿಸಬಹುದು. ಅರ್ಧ ನಾಟಕವೇ ಸರಿ. ಆದರೆ ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನ ಕಣ್ಣೆಲ್ಲ ಉಳಿದರ್ಧದ ಮೇಲೆ. ಹಳೆಯದನ್ನು ಮೆಚ್ಚುವವನನ್ನು ಲೋಕ ಪುಕ್ಕಲನೆಂದೋ ವೇಷಗಾರನೆಂದೋ ಬಗೆಯುತ್ತದೆ. ವೇಷಗಾರನೆಂಬ ಮಾತಿಗೆ ವಾ ತಾನಾಗಿಯೇ ಸಾಕ್ಷ್ಯ ಒದಗಿಸಿದ. ಅವನ ಪುಸ್ತಕಗಳು ಹೇಳುವುದು ಬೇರೆ.

ಅವನು ಹುಟ್ಟಿದ್ದು 1903ರಲ್ಲಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಆರ್ಥರ್ ವಾ, ಚ್ಯಾಪ್‌ಮನ್ ಅಂಡ್ ಹಾಲ್ ಎಂಬ ಪ್ರಕಟನ ಸಂಸ್ಥೆಯ ಮುಖ್ಯಸ್ಥ. ಡಿಕನ್ಸನ ಕಾದಂಬರಿಗಳನ್ನು ಮೊದಲು ಅಚ್ಚುಹಾಕಿದ ಮನೆ ಅದು. ಸಂಜೆಯ ಹೊತ್ತು ಆರ್ಥರ್ ಮಕ್ಕಳನ್ನು ಕೂರಿಸಿಕೊಂಡು ಡಿಕನ್ಸನನ್ನು ಗಟ್ಟಿಯಾಗಿ ಓದುತ್ತಿದ್ದ. ಒಂದೊಂದು ಪಾತ್ರಕ್ಕೆ ಒಂದೊಂದು ದನಿ. ಮಳೆಗಾಲದ ರಾತ್ರಿ ಕುಮಾರವ್ಯಾಸನನ್ನು ಓದಿಸಿ ಕೇಳುತ್ತಿದ್ದ ಮನೆಗಳನ್ನು ಬಲ್ಲ ನಮಗೆ ಆ ನೋಟ ಅಪರಿಚಿತವೇನಲ್ಲ.

1922ರಲ್ಲಿ ವಾ ಆಕ್ಸ್‌ಫರ್ಡಿಗೆ ಹೋದ. ಮಹಾಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಅಜ್ಜಂದಿರ ಕಾಲದ ಭಾರವಾದ ಪೀಠೋಪಕರಣ, ಕಥೆ ಹೇಳುವ ಚಿತ್ರಪಟ, ಇವೆಲ್ಲ ಆಗ ನಗೆಪಾಟಲು. ಹೆರಲ್ಡ್ ಆಕ್ಟನ್, ರಾಬರ್ಟ್ ಬೈರನ್ ಮುಂತಾದ ತರುಣರು ಹಿರಿಯರನ್ನು ಕೆಣಕುವುದಕ್ಕಾಗಿಯೇ ಗಾಜಿನ ಗುಮ್ಮಟದೊಳಗಿನ ಕೃತಕ ಹಣ್ಣುಹೂಗಳಂಥವನ್ನು ಕೂಡಿಹಾಕತೊಡಗಿದರು. ಕೀಟಲೆಯಾಗಿ ಆರಂಭವಾದುದು ವಾನಲ್ಲಿ ಬೇರು ಬಿಟ್ಟಿತು. 1928ರಲ್ಲಿ ಹೊರಬಂದ ಅವನ ಮೊದಲ ಗ್ರಂಥ, ಆಗ ಯಾರೂ ಕೇಳದಿದ್ದ ರೊಸೆಟಿ ಎಂಬ ಕವಿ-ಚಿತ್ರಕಾರನ ಜೀವನಚರಿತ್ರೆ. ಆ ಯುಗದ ಕಟ್ಟಡಗಳನ್ನು ಕಾಪಾಡಲು ವಿಕ್ಟೋರಿಯನ್ ಸೊಸೈಟಿ ಹುಟ್ಟಿದ್ದು 1958ರಲ್ಲಿ. ಅಭಿರುಚಿಯ ಚರಿತ್ರೆಯಲ್ಲಿ ಮೂವತ್ತು ವರ್ಷ ಮುಂದಿದ್ದವನನ್ನು ಹಿಂದುಳಿದವನೆನ್ನುವುದು ಹೇಗೆ?

1934ರ 'ಎ ಹ್ಯಾಂಡ್‌ಫುಲ್ ಆಫ್ ಡಸ್ಟ್' ಕಾದಂಬರಿಯಲ್ಲಿ ಈ ಪ್ರೀತಿ ಒಂದು ವಿಚಿತ್ರ ರೂಪ ತಾಳುತ್ತದೆ. ನಾಯಕ ಟೋನಿ ಲಾಸ್ಟನಿಗೆ ಹೆಟನ್ ಎಂಬ ಮನೆಯೇ ಪ್ರಾಣ. ಅದು ನಿಜವಾಗಿ ಹಳೆಯ ಮನೆಯೂ ಅಲ್ಲ. 1864ರಲ್ಲಿ ಮಧ್ಯಯುಗದ ಗಾಥಿಕ್ ಶೈಲಿಯನ್ನು ಅನುಕರಿಸಿ ಹೊಸದಾಗಿ ಕಟ್ಟಿದ್ದು. ಅಲ್ಲಿನ ಶಯನಗೃಹಗಳಿಗೆ ಆರ್ಥರ್ ರಾಜನ ಕಥೆಗಳಿಂದ ಹೆಸರಿಟ್ಟಿದ್ದಾರೆ. ಹೆಂಡತಿ ಅವನನ್ನು ತೊರೆಯುತ್ತಾಳೆ. ಟೋನಿ ದಕ್ಷಿಣ ಅಮೆರಿಕದ ಕಾಡಿನಲ್ಲಿ ಅಳಿದುಹೋದ ನಗರವೊಂದನ್ನು ಹುಡುಕಹೊರಟು, ಜ್ವರ ಬಿದ್ದು, ಟಾಡ್ ಎಂಬ ಮುದುಕನ ಕೈಗೆ ಸಿಕ್ಕುತ್ತಾನೆ. ಮುದುಕನಿಗೆ ಓದು ಬಾರದು, ಆದರೆ ಡಿಕನ್ಸನೆಂದರೆ ಆಸೆ. ಟೋನಿ ದಿನವೂ ಓದಿ ಹೇಳಬೇಕು. ಮುಗಿದರೆ ಮತ್ತೆ ಮೊದಲಿನಿಂದ. ಬಿಡುಗಡೆಯಿಲ್ಲ. ಊರಿನಲ್ಲಿ ಅವನು ಸತ್ತನೆಂದೇ ತೀರ್ಮಾನವಾಗುತ್ತದೆ.

ಬಾಲ್ಯದಲ್ಲಿ ಕೇಳಿದ ತಂದೆಯ ದನಿಯನ್ನೇ ಮಗ ಸೆರೆಮನೆಯಾಗಿ ಮಾಡಿದ. ಪುಸ್ತಕ ಅಚ್ಚಾದಾಗ ಆರ್ಥರ್ ವಾ ಇನ್ನೂ ಬದುಕಿದ್ದ. ಅದನ್ನು ಪ್ರಕಟಿಸಿದ್ದೂ ಚ್ಯಾಪ್‌ಮನ್ ಅಂಡ್ ಹಾಲ್ ಸಂಸ್ಥೆಯೇ. ಇದರಲ್ಲಿ ಕ್ರೌರ್ಯವಿದೆ, ಅಲ್ಲಗಳೆಯುವುದಿಲ್ಲ. ಆದರೂ ಹಳೆಯದರಲ್ಲಿ ಅಡಗಿ ಕುಳಿತರೆ ಏನಾಗುತ್ತದೆಂಬುದನ್ನು ಇಷ್ಟು ನಿಷ್ಠುರವಾಗಿ ಕಂಡವನು ಅದನ್ನು ಪ್ರೀತಿಸಿದವನೇ ಆಗಿರಬೇಕು. ದ್ವೇಷಿಸುವವನಿಗೆ ಹೆಟನ್ನಿನ ಕೋಣೆಗಳ ಹೆಸರು ನೆನಪಿರುವುದಿಲ್ಲ.

ಹೀಗೆ ಬರೆದ ಮನುಷ್ಯ 1937ರಲ್ಲಿ ಗ್ಲಾಸ್ಟರ್‌ಷೈರಿನ ಪಿಯರ್ಸ್ ಕೋರ್ಟ್ ಎಂಬ ಮನೆಯನ್ನು ಕೊಂಡು ಹಳ್ಳಿಯ ಸಾಹುಕಾರನಂತೆ ನೆಲೆಸಿದ! ಹಣ ಹೆಂಡತಿಯ ಅಜ್ಜಿ ಕೊಟ್ಟದ್ದು. ಪಿತ್ರಾರ್ಜಿತವಾಗಿ ಬಾರದ ಹಳಮೆಯನ್ನು ಅವನು ಅಂಗಡಿಯಿಂದ ತಂದು ತುಂಬಿದ. ಪ್ರಯಾಣಸುಖದ ಬಗ್ಗೆ ಎರಡು ವಿಕ್ಟೋರಿಯನ್ ಚಿತ್ರಗಳು ಅವನಲ್ಲಿದ್ದುವು; ಒಂದರಲ್ಲಿ ಕುದುರೆಗಾಡಿಗೆ ಬಿದ್ದ ದರೋಡೆಕಾರರು, ಇನ್ನೊಂದರಲ್ಲಿ ರೈಲಿನ ಹಾಯಾದ ಡಬ್ಬಿ. ಮೂರನೆಯದನ್ನು ರಿಚರ್ಡ್ ಯೂರಿಚ್ ಎಂಬ ಕಲಾವಿದನಿಂದ ತಾನೇ ಬರೆಸಿದ: ಕೆಳಕ್ಕೆ ಬೀಳಲಿರುವ ವಿಮಾನದೊಳಗೆ ನಡುಗುತ್ತಿರುವ ಪ್ರಯಾಣಿಕರು.

1953ರಲ್ಲಿ ಕವಿ ಜಾನ್ ಬೆಚಮನ್ ಅವನಿಗೆ ವಿಲಿಯಮ್ ಬರ್ಜಸ್ ರಚಿಸಿದ, ಚಿತ್ತಾರದ, ಮುಖ ತೊಳೆಯುವ ಪೀಠವೊಂದನ್ನು ಉಡುಗೊರೆ ಕೊಟ್ಟ. ಮನೆಗೆ ಬಂದಾಗ ಅದರಲ್ಲಿ ಕಂಚಿನ ಕೊಳವೆಯೊಂದು ಕಾಣೆಯಾಗಿದೆಯೆಂದು ವಾ ಹಟ ಹಿಡಿದ. ಹಿಂದೆ ತಾನು ಅದನ್ನು ಕಣ್ಣಾರೆ ಕಂಡಿದ್ದೆನೆಂದು ಚಿತ್ರ ಬರೆದು ಕಳಿಸಿದ. ಅಂಥ ಕೊಳವೆ ಎಂದೂ ಇರಲಿಲ್ಲವೆಂದು ಬೆಚಮನ್ ಉತ್ತರವಿತ್ತ. ನಿದ್ರೆಗಾಗಿ ಸೇವಿಸುತ್ತಿದ್ದ ಔಷಧಗಳು ಮನಸ್ಸನ್ನು ಕೆಡಿಸತೊಡಗಿದ್ದುವು. 1954ರಲ್ಲಿ ಸಿಂಹಳಕ್ಕೆ ಹೊರಟ ಹಡಗಿನಲ್ಲಿ ಅವನಿಗೆ ಇಲ್ಲದ ದನಿಗಳು ಕೇಳಿದುವು. ಮುಂದೆ ಅದನ್ನೆಲ್ಲ, ಕೊಳವೆಯ ಪ್ರಸಂಗವನ್ನೂ ಸೇರಿಸಿ, ಗಿಲ್ಬರ್ಟ್ ಪಿನ್‌ಫೋಲ್ಡ್ ಎಂಬವನ ಕಥೆಯಾಗಿ 1957ರಲ್ಲಿ ಬರೆದ. ತನ್ನ ಹುಚ್ಚನ್ನು ತಾನೇ ಇಷ್ಟು ಅಚ್ಚುಕಟ್ಟಾಗಿ ನಿರೂಪಿಸಿದವರು ವಿರಳ.

ಅವನ ಓದಿನ ರುಚಿಯೂ ಇದೇ ಜಾಡಿನದು. ಪ್ರೂಸ್ಟನನ್ನು ನಡುವಯಸ್ಸಿನಲ್ಲಿ ಓದಿ, ಈತನಿಗೆ ಬುದ್ಧಿ ಸರಿಯಿರಲಿಲ್ಲ, ಕಾಲದ ಲೆಕ್ಕವೇ ತಿಳಿಯದು ಎಂದು ಸ್ನೇಹಿತರಿಗೆ ಪತ್ರ ಬರೆದ. ಜಾಯ್ಸನೂ ಅವನಿಗೆ ಒಗ್ಗಲಿಲ್ಲ. ಒಗ್ಗಿದವರು ಮ್ಯಾಕ್ಸ್ ಬೀರ್‌ಬೋಮ್, ವುಡ್‌ಹೌಸ್. ಜರ್ಮನಿಯ ಸೆರೆಯಲ್ಲಿದ್ದು ಬರ್ಲಿನ್ ರೇಡಿಯೋದಲ್ಲಿ ಮಾತನಾಡಿದನೆಂದು ವುಡ್‌ಹೌಸನನ್ನು 1941ರಲ್ಲಿ ಬಿ.ಬಿ.ಸಿ.ಯಲ್ಲಿ ಹೀನಾಯವಾಗಿ ಬೈದಿದ್ದರು. ಸರಿಯಾಗಿ ಇಪ್ಪತ್ತು ವರ್ಷದ ತರುವಾಯ, 1961ರ ಜುಲೈಯಲ್ಲಿ, ಅದೇ ಬಿ.ಬಿ.ಸಿ.ಯಲ್ಲಿ ಅವನ ಪರವಾಗಿ ಮಾತನಾಡಿದವನು ವಾ. ವುಡ್‌ಹೌಸನ ಲೋಕವನ್ನು ಅವನು ಆದಿಮಾನವರ ಪತನಕ್ಕೆ ಮುಂಚಿನ ನಂದನವನಕ್ಕೆ ಹೋಲಿಸಿದ. ಇಂಥ ಓದನ್ನು ಸಂಕುಚಿತವೆನ್ನಬಹುದು. ಪ್ರೂಸ್ಟನ ವಿಷಯದಲ್ಲಿ ನಾನೂ ಹಾಗೆಯೇ ಎನ್ನುತ್ತೇನೆ.

ಇವೆಲ್ಲ ಆಟವೆಂದುಕೊಂಡರೂ, ಅವನು ಎಂದೂ ಆಟವಾಡದ ಹಳೆಯ ವಸ್ತುವೊಂದಿತ್ತು. 1930ರಲ್ಲಿ ಅವನು ರೋಮನ್ ಕ್ಯಾಥೊಲಿಕ್ ಮತಕ್ಕೆ ಸೇರಿದ. 1952ರ ಡಿಸೆಂಬರಿನಲ್ಲಿ, ಸಂತ ಫ್ರಾನ್ಸಿಸ್ ಝೇವಿಯರನು ತೀರಿಕೊಂಡು ನಾನೂರು ವರ್ಷ ತುಂಬಿದಾಗ, ನಮ್ಮ ಕಾರವಾರದ ನೆರೆಯ ಗೋವೆಗೂ ಬಂದು, ದರ್ಶನಕ್ಕಿಟ್ಟಿದ್ದ ಸಂತನ ದೇಹವನ್ನು ನೋಡಿ ಲೇಖನ ಬರೆದ. ಗೋವೆಯ ಬೆಸ್ತನೂ ಗ್ಲಾಸ್ಟರ್‌ಷೈರಿನ ರೈತನೂ ಕೇಳುತ್ತಿದ್ದುದು ಆಗ ಒಂದೇ ಲ್ಯಾಟಿನ್ ಪೂಜೆ. 1962ರಲ್ಲಿ ಸೇರಿದ ವ್ಯಾಟಿಕನ್ ಮಹಾಸಭೆಯ ತರುವಾಯ ದೇಶಭಾಷೆಗಳು ಆ ಸ್ಥಾನಕ್ಕೆ ಬಂದುವು. ಜನರಿಗೆ ತಿಳಿಯುವ ನುಡಿಯಲ್ಲಿ ಪ್ರಾರ್ಥನೆ ನಡೆಯಬೇಕೆಂಬ ವಾದವನ್ನು ವಚನಕಾರರ ನಾಡಿನವನಾದ ನಾನು ತಳ್ಳಿಹಾಕಲಾರೆ. ವಾ ಮಾತ್ರ ಪತ್ರಿಕೆಗಳಿಗೆ ಬರೆದ, ಆರ್ಚ್‌ಬಿಷಪ್ಪನಿಗೆ ಬರೆದ, ದಿನದಿನಕ್ಕೆ ಕುಗ್ಗಿದ. ಆ ಕಾಗದಗಳಲ್ಲಿ ಕಹಳೆಯ ಗತ್ತು ಕಾಣುವುದಿಲ್ಲ. ಪೀಠವನ್ನೂ ಚಿತ್ರಪಟವನ್ನೂ ಹಣ ಕೊಟ್ಟು ತರಬಹುದಾಗಿತ್ತು. ಇದು ಅಂಗಡಿಯಲ್ಲಿ ಸಿಕ್ಕುವಂಥದಲ್ಲ.

1966ರ ಏಪ್ರಿಲ್ 10, ಈಸ್ಟರ್ ಭಾನುವಾರ. ಮಿತ್ರನಾದ ಪಾದ್ರಿ ಫಿಲಿಪ್ ಕ್ಯಾರಮನ್ ಅವನಿಗಾಗಿ ಹಳೆಯ ಲ್ಯಾಟಿನ್ ಕ್ರಮದಲ್ಲಿಯೇ ಪೂಜೆ ನಡೆಸಿದ. ವಾ ಮನೆಯವರೊಂದಿಗೆ ಹೋಗಿ ಬಂದ. ಅದೇ ದಿನ ಕೂಂಬ್ ಫ್ಲೋರಿಯ ತನ್ನ ಮನೆಯಲ್ಲಿ ತೀರಿಕೊಂಡ. ಅವನಿಗೆ ಅರವತ್ತೆರಡು ವರ್ಷ.