ಸಫಾರಿಗೆ ಹೊರಟವರು, ಸಫಾರಿಯಲ್ಲಿ ಬಂದವರು

ವೀಕ್ಷಕರೇ, ಸಫಾರಿ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ತೆರೆದ ಜೀಪು, ಕೊರಳಲ್ಲಿ ಕ್ಯಾಮೆರಾ, ದೂರದಲ್ಲೊಂದು ಸಿಂಹ. ಊರಿನ ಹೆಸರು ಹೇಳಿ ಅಂದ್ರೆ ಕೀನ್ಯಾದ ಮಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿ. ನಾನು ಇವತ್ತು ಹೇಳೋದು ನಮ್ಮಲ್ಲಿ ಬಹಳ ಜನ ಹೆಸರೇ ಕೇಳಿರದ ಒಂದು ಆಫ್ರಿಕನ್ ಕಾಡಿನ ಬಗ್ಗೆ. ಅಲ್ಲಿಂದ ಒಂದು ಹಳೇ ದಾರಿ ಹಿಡಿದು ಬಂದರೆ ನಾವು ತಲುಪೋದು ಎಲ್ಲಿಗೆ ಗೊತ್ತಾ? ನಮ್ಮ ಉತ್ತರ ಕನ್ನಡಕ್ಕೆ. ತೇರಗಾಂವ ಇರುವ ಹಳಿಯಾಳ ತಾಲ್ಲೂಕಿಗೆ!

ಆ ಕಾಡಿನ ಹೆಸರು ನಿಯಾಸಾ. ಮೊಜಾಂಬಿಕ್ ದೇಶದ ಉತ್ತರದ ತುದಿಯಲ್ಲಿ, ತಾಂಜಾನಿಯಾ ಗಡಿಯ ರೊವುಮಾ ನದಿಗೆ ತಾಗಿಕೊಂಡಿದೆ. ವಿಸ್ತೀರ್ಣ ಸುಮಾರು 42,000 ಚದರ ಕಿಲೋಮೀಟರ್. ಇಡೀ ಕರ್ನಾಟಕ 1,91,791 ಚದರ ಕಿಲೋಮೀಟರ್ ಇದೆ. ಅಂದ್ರೆ ನಮ್ಮ ರಾಜ್ಯದ ಐದನೇ ಒಂದು ಭಾಗಕ್ಕಿಂತ ದೊಡ್ಡ ಕಾಡು. ದಾಂಡೇಲಿಯ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಸುಮಾರು 1,300 ಚದರ ಕಿಲೋಮೀಟರ್. ಅಂಥ ಮೂವತ್ತು ಕಾಳಿಗಳು ನಿಯಾಸಾ ಒಳಗೆ ಹಿಡಿಯುತ್ತವೆ! ಸಿಂಹ, ಆನೆ, ಆಫ್ರಿಕಾದ ಕಾಡುನಾಯಿ ಎಲ್ಲಾ ಇವೆ. ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ: ಈ ಕಾಡಿನ ಒಳಗೇ ಹತ್ತಾರು ಸಾವಿರ ಜನ ಬದುಕ್ತಿದ್ದಾರೆ. ಇದು ಮುಂದೆ ಬೇಕಾಗುತ್ತೆ.

ಈಗ ಪದದ ಕಥೆ. ಅರಬ್ಬಿಯಲ್ಲಿ ಸಫರ್ ಅಂದ್ರೆ ಪ್ರಯಾಣ. ಹಿಂದಿ ಹಾಡುಗಳಲ್ಲಿ ನಾವು ಕೇಳೋ ಸಫರ್ ಇದೇ. ಅದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಗೆ ಹೋಗಿ ಸಫಾರಿ ಆಯ್ತು. ಅಲ್ಲಿ ಸಫಾರಿ ಅಂದ್ರೆ ಪ್ರಾಣಿ ನೋಡೋದಲ್ಲ. ಯಾವ ಪ್ರಯಾಣವಾದರೂ ಸಫಾರಿ. ಅದರಲ್ಲೂ ಒಳನಾಡಿನಿಂದ ಕರಾವಳಿಗೆ ನಡೆದು ಬರುತ್ತಿದ್ದ ವ್ಯಾಪಾರಿಗಳ ತಂಡ. ಈ ಪದವನ್ನು ಇಂಗ್ಲಿಷ್‌ಗೆ ತಂದವರಲ್ಲಿ ಮೊದಲಿಗ ಅಂತ ಹೇಳೋದು ರಿಚರ್ಡ್ ಬರ್ಟನ್ ಹೆಸರನ್ನ. ಆಫ್ರಿಕಾದ ಸರೋವರಗಳನ್ನ ಹುಡುಕಿ ಹೊರಟ ಈ ಮನುಷ್ಯ ಅದಕ್ಕೂ ಮೊದಲು 1847ರಲ್ಲಿ ನಮ್ಮ ಪಕ್ಕದ ಗೋವಾ ನೋಡಿಕೊಂಡು ಹೋಗಿದ್ದ.

ಹಾಗಾದ್ರೆ ಆ ತಂಡಗಳು ಹೊತ್ತು ತರ್ತಿದ್ದದ್ದು ಏನನ್ನ? ಆನೆದಂತ. ಜೊತೆಗೆ ಮನುಷ್ಯರನ್ನ! ನಿಯಾಸಾ ಸೀಮೆಯ ಯಾವೋ ಜನ ದಂತದ ವ್ಯಾಪಾರದಲ್ಲಿ ಪಳಗಿದವರು. ಕಾಲ ಕಳೆದಂತೆ ದಂತದ ಜೊತೆ ಗುಲಾಮರ ವ್ಯಾಪಾರವೂ ಬೆಳೀತು. ಲೆಕ್ಕ ಹಾಕಿ ನೋಡಿ. ನಿಯಾಸಾ ಸರೋವರದಿಂದ ಮೊಜಾಂಬಿಕ್ ದ್ವೀಪದ ಬಂದರಿಗೆ ನೇರ ಗೆರೆ ಎಳೆದರೂ 600 ಕಿಲೋಮೀಟರ್ ಸಮೀಪ. ಬೆಂಗಳೂರಿನಿಂದ ದಾಂಡೇಲಿಗಿಂತ ದೂರ. ದಿನಕ್ಕೆ 20 ಕಿಲೋಮೀಟರ್ ನಡೆದರೂ ಒಂದು ತಿಂಗಳು. ಕೊರಳಿಗೆ ನೊಗ, ಕಾಲ ಕೆಳಗೆ ಕಾಡು. ಇದೂ ಸಫಾರಿಯೇ.

ಬಂದರಿನಿಂದ ಮುಂದೆ? ಇಲ್ಲಿ ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ಹೇಳದ ಒಂದು ಸಂಗತಿ ಇದೆ. 1752ರ ತನಕ ಮೊಜಾಂಬಿಕ್‌ನ ಪೋರ್ಚುಗೀಸ್ ವಸಾಹತು ಆಡಳಿತ ನಡೀತಿದ್ದದ್ದು ಗೋವಾದ ವೈಸರಾಯ್ ಕೈಕೆಳಗೆ. ಆಫ್ರಿಕಾದ ಒಂದು ತುಂಡು ನೆಲಕ್ಕೆ ನಮ್ಮ ಕಾರವಾರದ ಪಕ್ಕದ ಊರಿನಿಂದ ಆಜ್ಞೆ ಹೋಗ್ತಿತ್ತು! ಹಡಗುಗಳು ನೈಋತ್ಯ ಮುಂಗಾರಿನ ಗಾಳಿ ಹಿಡಿದು ಗೋವಾಕ್ಕೆ ಬರುತ್ತಿದ್ದವು. ಕಾಳಿ ನದಿಯನ್ನು ತುಂಬಿಸುವ ಅದೇ ಗಾಳಿ ಈ ಜನರನ್ನೂ ತಂದು ಇಳಿಸಿತು.

ಗೋವಾದ ಮನೆಗಳಲ್ಲಿ ದುಡಿದವರಲ್ಲಿ ಕೆಲವರು ತಪ್ಪಿಸಿಕೊಂಡರು, ಕೆಲವರಿಗೆ ಬಿಡುಗಡೆ ಸಿಕ್ಕಿತು. ಪೋರ್ಚುಗಲ್ ಗುಲಾಮರ ಸಾಗಾಟವನ್ನು 1836ರಲ್ಲಿ ನಿಷೇಧಿಸಿತು. ಗುಲಾಮಗಿರಿಯನ್ನೇ ರದ್ದು ಮಾಡಿದ್ದು 1869ರಲ್ಲಿ. ಅಲ್ಲಿಯವರೆಗೆ ಓಡೋದೊಂದೇ ದಾರಿ. ಓಡಿ ಹೋಗೋಕೆ ಎದುರಿಗಿದ್ದದ್ದು ಸಹ್ಯಾದ್ರಿ. ಘಟ್ಟ ಹತ್ತಿ ಜೋಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡು ಸೇರಿದರು. ಅವರೇ ನಮ್ಮ ಸಿದ್ದಿಗಳು. ಎಲ್ಲರೂ ಇದೇ ದಾರಿಯಲ್ಲಿ ಬಂದವರಲ್ಲ, ನಿಜ. ದಖ್ಖನಿನ ಸುಲ್ತಾನರ ಸೈನ್ಯದಲ್ಲಿ ಇಥಿಯೋಪಿಯಾದ ಹಬಶಿಗಳಿದ್ದರು. ಅಹಮದ್‌ನಗರವನ್ನು ಆಳಿದ ಮಲಿಕ್ ಅಂಬರ್ ಅವರಲ್ಲೊಬ್ಬ. ಆದರೆ 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಬೇರು ಬಂಟು ಭಾಷಿಕ ಆಫ್ರಿಕನ್ ಜನರಲ್ಲಿದೆ ಅಂತ ಹೇಳಿತು. ನಿಯಾಸಾದ ಯಾವೋಗಳೂ, ಅವರ ನೆರೆಯ ಮಖುವಾಗಳೂ ಬಂಟು ಭಾಷಿಕರೇ.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲೀತಾರೆ, ಡಮಾಮಿ ಬಾರಿಸಿ ಕುಣೀತಾರೆ. ಆದರೂ ಇವತ್ತಿಗೂ ಬಸ್ಸಿನಲ್ಲಿ ಪಕ್ಕ ಕೂತವರು ಕೇಳ್ತಾರೆ, ‘ನೀವು ಯಾವ ದೇಶದವರು?’ ಇದಕ್ಕೆ ಏನು ಉತ್ತರ ಕೊಡ್ತೀರಿ? ಹೇಳಿ.

ಈಗ ಸಫಾರಿಯ ಎರಡನೇ ಅಧ್ಯಾಯ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮೊಂಬಾಸಾದಲ್ಲಿ ಇಳಿದರು. ಅವರೂ ಅವರ ಮಗನೂ ಸೇರಿ ಹೊಡೆದ ದೊಡ್ಡ ಪ್ರಾಣಿಗಳ ಸಂಖ್ಯೆ 512! ಆಮೇಲೆ ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು. ಒಳ್ಳೇದೇ. ಆದರೆ ‘ಕಾಡು ಅಂದ್ರೆ ಜನರಿಲ್ಲದ ಜಾಗ’ ಅನ್ನೋ ಕಲ್ಪನೆಯೂ ಜೊತೆಗೇ ಬಂತು. ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯ್ತು. 1959ರಲ್ಲಿ ಅಲ್ಲಿನ ಮಸಾಯಿ ದನಗಾಹಿಗಳನ್ನು ಪಕ್ಕದ ಎನ್‌ಗೊರೊಂಗೊರೊಗೆ ಕಳಿಸಿದರು. ಪ್ರವಾಸಿ ನೋಡೋ ಆ ‘ಖಾಲಿ’ ಬಯಲು, ಖಾಲಿ ಮಾಡಿಸಿದ ಬಯಲು. ನಿಯಾಸಾದಲ್ಲಿ ಜನ ಒಳಗೇ ಉಳಿದರು. ಅಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. 2011ರಿಂದ 2016ರೊಳಗೆ ದಂತಕಳ್ಳರ ಹಾವಳಿಗೆ ಅಲ್ಲಿನ ಆನೆಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಕಾಡು ಉಳಿಸೋದು ಸುಲಭದ ಕೆಲಸ ಅಲ್ಲ, ಇದನ್ನ ಮರೆಯಬಾರದು.

ನಮ್ಮ ಕಡೆ ಬನ್ನಿ. ದಾಂಡೇಲಿ ವನ್ಯಧಾಮ ಘೋಷಣೆಯಾದದ್ದು 1956ರಲ್ಲಿ. ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ. ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಕಾಳಿ ಅನ್ನೋ ಹೆಸರು. ಇಲ್ಲೂ ಜೀಪ್ ಸಫಾರಿ ಇದೆ. ಅದೃಷ್ಟ ಇದ್ದರೆ ಕರಿಚಿರತೆ ಕಾಣುತ್ತೆ. ಇದೇ ಕಾಳಿ ನದಿಗೆ ಸೂಪಾ ಅಣೆಕಟ್ಟು ಬಂದಾಗ ಹಳೇ ಸೂಪಾ ಊರೇ ಮುಳುಗಿತು. ಕಾಡಿನ ಒಳಗಿದ್ದ ಕುಟುಂಬಗಳಿಗೆ ಸ್ವಯಂ ಇಚ್ಛೆಯಿಂದ ಹೊರಗೆ ಬಂದರೆ ಪರಿಹಾರ ಅನ್ನೋ ಯೋಜನೆ ಇದೆ. ದೇಶದ ಎಲ್ಲ ಹುಲಿ ಪ್ರದೇಶಗಳಿಗೂ ಅನ್ವಯಿಸುವ ಆ ಮೊತ್ತವನ್ನು 2021ರಲ್ಲಿ 10 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಲಾಯ್ತು.

ಇಲ್ಲೇ ಇತಿಹಾಸ ಬಂದು ಕಾಗದದ ಮೇಲೆ ಕೂರೋದು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಆ ಭೂಮಿಯಲ್ಲಿದ್ದರೆ ಸಾಕು. ಪಂಗಡದ ಪಟ್ಟಿಯಲ್ಲಿ ಇಲ್ಲದವರು ಮೂರು ತಲೆಮಾರು, ಅಂದ್ರೆ 75 ವರ್ಷದ ಸಾಕ್ಷಿ ಕೊಡಬೇಕು. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಸೇರಿದ್ದು 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆ ಮೆಟ್ಟಿಲು ಹತ್ತಿದ ಮೊದಲಿಗರು. ಆದರೆ ಪಕ್ಕದ ಮನೆಯ ಕುಣಬಿ, ಗೌಳಿ ಜನ ಇನ್ನೂ ಪಟ್ಟಿಯ ಹೊರಗೇ ನಿಂತು ಕೇಳ್ತಿದ್ದಾರೆ. ಒಂದೇ ಕಾಡು, ಒಂದೇ ಮಳೆ, ಕಾನೂನು ಮಾತ್ರ ಎರಡು.

ಒಮ್ಮೆ ಯೋಚಿಸಿ. ಮಾರಾಟದ ಸರಕಾಗಿ ಹಡಗು ಹತ್ತಿದವರ ಹತ್ತಿರ, ತಪ್ಪಿಸಿಕೊಂಡು ಕಾಡು ಸೇರಿದವರ ಹತ್ತಿರ ಯಾವ ದಾಖಲೆ ಇರುತ್ತೆ? ಅಡಗಿ ಬದುಕೋದೇ ಜೀವ ಉಳಿಸಿಕೊಳ್ಳೋ ದಾರಿ ಆಗಿದ್ದಾಗ ಹೆಸರು ಬರೆಸೋಕೆ ಯಾರು ಹೋಗ್ತಾರೆ? ಇಂಥವರನ್ನ ‘ಪುರಾವೆ ತನ್ನಿ’ ಅಂತ ಕಚೇರಿಯಿಂದ ಕಚೇರಿಗೆ ಅಲೆಸೋದು ಯಾವ ನ್ಯಾಯ?

ಹುಲಿ ಬೇಕಾ, ಜನ ಬೇಕಾ ಅಂತ ಕೇಳೋ ಚರ್ಚೆ ಟಿವಿಯಲ್ಲಿ ಚೆನ್ನಾಗಿ ಓಡುತ್ತೆ. ಆದರೆ ಪ್ರಶ್ನೆ ಅದಲ್ಲ. ಹುಲಿ ಬೇಕೇ ಬೇಕು. ಆ ಹುಲಿಯ ಕಾಡಿನ ಹೆಜ್ಜೆಹೆಜ್ಜೆ ಬಲ್ಲವರನ್ನು ಕಾಡಿನ ಶತ್ರು ಅಂತ ಬರೆದಿಡಬಾರದು, ಅಷ್ಟೇ. ಹಳಿಯಾಳ, ದಾಂಡೇಲಿ ಕಡೆ ಸಫಾರಿಗೆ ಹೋದಾಗ ಹುಲಿ ಕಾಣುತ್ತಾ ಅಂತ ಕೇಳಿ, ತಪ್ಪೇನಿಲ್ಲ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಈ ಕಾಡಂಚಿನವರಿಗೆ ಹಕ್ಕುಪತ್ರ ಬಂತಾ?