ಗೌರಿ ಬಿಟ್ಟುಕೊಟ್ಟ ಜಾಗ

ಕಳೆದ ಭಾನುವಾರ ಪೂಜೆ ಮುಗಿದು ಚರ್ಚಿನಿಂದ ಹೊರಬರುವಾಗ ನಾಲ್ಕೈದು ವರ್ಷದ ಹುಡುಗನೊಬ್ಬ ತಾಯಿಯ ಸೆರಗು ಜಗ್ಗುತ್ತಿದ್ದ. "ಅಮ್ಮಾ, ಗೋದಲಿ ಅಂದ್ರೆ ಏನು?" "ಕ್ರಿಬ್ ಕಣೋ" ಎಂದರು ಆಕೆ. ಹುಡುಗ ಸುಮ್ಮನಾದ. ನನಗೆ ಮಾತ್ರ ಸುಮ್ಮನಿರಲಾಗುತ್ತಿಲ್ಲ.

ಗೋದಲಿಯೆಂದರೆ ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ತೊಟ್ಟಿ. ಈಗ ಕ್ರಿಸ್ಮಸ್ ಬಂತೆಂದರೆ ನಮ್ಮ ಬಾಯಲ್ಲಿ ಅದು ಥರ್ಮಾಕೋಲಿನ ಗುಡ್ಡ, ಹತ್ತಿಯ ಹಿಮ, ಮಿಣುಕುವ ಸರದೀಪ. 'ಗೋದಲಿ ಸ್ಪರ್ಧೆ'ಗೆ ಹೆಸರು ಕೊಡುತ್ತೇವೆ, 'ಗೋದಲಿ ಸೆಟ್' ಕೊಳ್ಳುತ್ತೇವೆ. ಬೆಟ್ಟ, ನಕ್ಷತ್ರ, ಒಂಟೆಗಳನ್ನೆಲ್ಲ ಆ ಹೆಸರಿನೊಳಗೆ ತುಂಬಿ ತೊಟ್ಟಿಯನ್ನೇ ಮರೆತಿದ್ದೇವೆ.

ಪದದ ಧಾತು ಬಗೆಯುವ ಕೆಲಸ ಪಂಡಿತರಿಗಿರಲಿ. ನನ್ನ ನಂಬಿಕೆಯೇ ಬೇರೆ: ಈ ಮಾತು ನಮ್ಮ ಬೈಬಲ್ಲಿಗೆ ಬಂದದ್ದು ಸಗಣಿ ಬಾಚುತ್ತಿದ್ದ ಯಾರೋ ಹೆಣ್ಣುಮಗಳ ಬಾಯಿಂದ. ಉತ್ತರ ಕರ್ನಾಟಕದಲ್ಲಿ ಗ್ವಾದಲಿ, ನಮ್ಮ ಕಡೆ ಗೋದ್ಲಿ. ಹೀಗೆ ಸೀಮೆಗೊಂದು ರೂಪ ತಾಳುವ ಪದ ಗ್ರಂಥದಲ್ಲಿ ಹುಟ್ಟಿರಲಾರದು. ಯೇಸುವಿನ ಹುಟ್ಟನ್ನು ಹೇಳುತ್ತ ಲೂಕ ತನ್ನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಗೋದಲಿಯ ಮಾತನ್ನು ಮೂರು ಸಲ ಎತ್ತುತ್ತಾನೆ. ಮಗುವನ್ನು ಹುಡುಕಲು ಕುರುಬರಿಗೆ ದೇವದೂತ ಕೊಟ್ಟ ಗುರುತೂ ಅದೇ. ತೊಟ್ಟಿಲು ಎಂದಿದ್ದರೆ ಬೆತ್ಲೆಹೇಮಿನ ಯಾವ ಮನೆಯೆಂದು ಅವರು ಹುಡುಕಬೇಕಿತ್ತು? ಗೋದಲಿಯಾದರೆ ಕುರಿ ಕಾಯುವವರಿಗೆ ಕತ್ತಲಲ್ಲೂ ದಾರಿ ಗೊತ್ತು.

ನಮ್ಮೂರಲ್ಲಿ ಹಬ್ಬಕ್ಕೆ ಮುಂಚಿನ ಆಗಮನ ಕಾಲದ ಎರಡನೆಯ ವಾರ ಅಜ್ಜಿ ತೆಂಗಿನ ಕರಟಗಳಿಗೆ ಮಣ್ಣು ತುಂಬಿ ರಾಗಿ ಚೆಲ್ಲುತ್ತಿದ್ದಳು. ಹಬ್ಬದ ಹೊತ್ತಿಗೆ ಬೆರಳುದ್ದದ ಪೈರು. ನಮ್ಮ ಪುಟ್ಟ ಬೆತ್ಲೆಹೇಮಿಗೆ ಅದೇ ಹುಲ್ಲುಗಾವಲು. ಬಾಲಯೇಸುವಿನ ಗೊಂಬೆ ಮಾತ್ರ 24ರ ನಡುರಾತ್ರಿಯವರೆಗೂ ಅಜ್ಜಿಯ ಟ್ರಂಕಿನಲ್ಲಿ. ಅಷ್ಟು ದಿನವೂ ಖಾಲಿ ಗೋದಲಿಯ ಮುಂದೆ ಕೂತಿರುತ್ತಿದ್ದ ನನಗೆ, ಆರು ವರ್ಷದವನಿದ್ದಾಗ, ಒಂದು ಸಂಜೆ ದಿಗಿಲು ಹತ್ತಿತು.

"ಅಜ್ಜಿ, ಮಗು ಗೋದ್ಲೀಲಿ ಮಲಗಿದ್ರೆ ಗೌರಿ ಏನು ತಿಂತಾಳೆ?"

ಗೌರಿ ನಮ್ಮ ಹಸು. ಅಜ್ಜಿ ನಗಲಿಲ್ಲ. ಲಾಟೀನು ಹಿಡಿದು ಕೊಟ್ಟಿಗೆಗೆ ಕರೆದೊಯ್ದಳು. ಗೋದಲಿಯ ಕಲ್ಲಿನಂಚು ಗೌರಿಯ ಕತ್ತು ಉಜ್ಜಿ ಉಜ್ಜಿ ನುಣುಪಾಗಿತ್ತು. ತಳದಲ್ಲಿ ಜೊಲ್ಲಿಗೆ ಅಂಟಿದ ಹುಲ್ಲೆಸಳು, ಬೂಸದ ಹುಳಿವಾಸನೆ. ಒಳಗೆ ಕೈಯಿಟ್ಟೆ. ಗೌರಿ ಮೂಗು ತಂದು ಅಂಗೈ ಮೇಲೆ ಬಿಸಿಯುಸಿರು ಬಿಟ್ಟಳು.

"ಅವಳಿಗಿರೋದು ಇಷ್ಟೇ ಜಾಗ ಮಗಾ. ಅದನ್ನೂ ಬಿಟ್ಟುಕೊಟ್ಟಳು" ಎಂದಳು ಅಜ್ಜಿ.

ಆ ನಡುರಾತ್ರಿ ಗೊಂಬೆಯನ್ನು ಗೋದಲಿಯಲ್ಲಿ ಇಡುವಾಗ ನನ್ನ ಕೈ ನಡುಗಿತು. ದೇವರು ಹಸುವಿನ ಊಟದ ತೊಟ್ಟಿಯೊಳಗೆ ಬಂದ ಎಂಬುದು ನನಗೆ ಅಂಗೈಯಲ್ಲಿ ತಿಳಿದಿತ್ತು.

ಲೂಕನ ಕಥೆಯಲ್ಲಿ ಹಸುವೂ ಇಲ್ಲ, ಕತ್ತೆಯೂ ಇಲ್ಲ. ಅವುಗಳನ್ನು ಕರೆತಂದದ್ದು ಗೋದಲಿಯೆಂಬ ಮಾತೇ ಎಂದು ನಾನು ಭಾವಿಸುತ್ತೇನೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇಡಿಸಿ, ಪಕ್ಕದಲ್ಲಿ ನಿಜವಾದ ಎತ್ತು ಕತ್ತೆಗಳನ್ನು ನಿಲ್ಲಿಸಿದ. ಆ ಮಗುವಿನ ಬಡತನವನ್ನು ಕಣ್ಣಾರೆ ಕಾಣುವ ಹಂಬಲ ಅವನದು. ಮಕ್ಕಳಂತಾಗಬೇಕು ಎಂದು ಯೇಸು ಹೇಳಿದ್ದನ್ನು ಅವನು ಅಂದು ಹಾಗೆಯೇ ನಡೆಸಿ ತೋರಿಸಿದ.

ನಮ್ಮ ಬೀದಿಯ ಕೊನೆಯಲ್ಲಿ ಹಾಲಿನವರ ಕೊಟ್ಟಿಗೆಯಿದೆ. ಚರ್ಚಿನ ಬಳಿ ಕಂಡ ಆ ಹುಡುಗನ ತಾಯಿಗೆ ಹೇಳಿಬಂದಿದ್ದೇನೆ, 24ರ ಸಂಜೆ ಮಗನನ್ನು ಅಲ್ಲಿಗೆ ಕರೆತನ್ನಿ ಎಂದು. ಗೋದಲಿಯೊಳಗೆ ಅವನೂ ಒಮ್ಮೆ ಕೈಯಿಡಲಿ. ಹಸು ಏನು ತಿನ್ನುತ್ತೆ ಎಂದು ಕೇಳಿದರೆ, ಏನು ಹೇಳಬೇಕೆಂದು ನನಗೆ ಗೊತ್ತಿದೆ.