ಜಾಸ್ತಿ ಕಂದಾಯ ಕಟ್ಟಿದ ಕೇರಿ, ಸೊರಗಿದ ಶಾಲೆ

ಹೋದ ವರ್ಷ ವರದಿಗೆಂದು ಒಂದು ಗ್ರಾಮಸಭೆಗೆ ಹೋಗಿದ್ದೆ. ಆ ಊರಿನ ಶಾಲೆಯಿಂದ ಇಬ್ಬರು ಮೇಷ್ಟ್ರು ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಎಸ್‌ಡಿಎಂಸಿ ಸದಸ್ಯರೊಬ್ಬರು ಎದ್ದು ನಿಂತರು. "ಸರ್ಕಾರನ ಎಷ್ಟು ದಿನ ಅಂತ ಕಾಯೋದು ಮೇಡಂ? ಮನೆ ಕಂದಾಯದ ಜೊತೆಗೆ ಶಾಲೆಗೆ ಅಂತ ಇನ್ನೊಂದಿಷ್ಟು ಹಾಕಿ. ನಮ್ಮೂರ ದುಡ್ಡು ನಮ್ಮೂರ ಶಾಲೆಗೆ. ನಾವೇ ಒಬ್ಬ ಮೇಷ್ಟ್ರನ್ನ ಇಟ್ಕೊಳ್ಳೋಣ" ಅಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ನನ್ನ ಪಕ್ಕ ಕೂತಿದ್ದ ತಾತ ಮಾತ್ರ ತಟ್ಟಲಿಲ್ಲ. "ಪಕ್ಕದ ಪಂಚಾಯ್ತೀಲಿ ಕ್ರಷರ್ ಐತೆ, ಛತ್ರ ಐತೆ, ರೆಸಾರ್ಟ್ ಐತೆ. ನಮ್ಮಲ್ಲಿ ಏನೈತಪ್ಪ? ಹೆಂಚಿನ ಮನೆ" ಎಂದು ನನಗೊಬ್ಬನಿಗೇ ಕೇಳುವಂತೆ ಹೇಳಿ ಸುಮ್ಮನಾದರು.

ಈ ಒಂದು ಮಾತಿನ ಮೇಲೆ ಅಮೆರಿಕದಲ್ಲಿ ದೊಡ್ಡ ಕೋರ್ಟು ಕೇಸು ನಡೆದಿದೆ. ಸುಪ್ರೀಂ ಕೋರ್ಟಿನ ತನಕ ಹೋಗಿ, ಸೋತು, ಇನ್ನೊಂದು ದಾರಿಯಲ್ಲಿ ಮತ್ತೆ ಬಂದ ಕೇಸು. ತಾತನಿಗೆ ಅದು ಗೊತ್ತಿರಲಿಲ್ಲ, ಆವತ್ತು ನನಗೂ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ವ್ಯವಸ್ಥೆ ತಿಳಿಯಬೇಕು. ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವುದು 'ಶಾಲಾ ಜಿಲ್ಲೆ' ಎಂಬ ಘಟಕ. ನಮ್ಮ ಜಿಲ್ಲೆಯಷ್ಟು ದೊಡ್ಡದು ಅಂದುಕೊಳ್ಳಬೇಡಿ. ಒಂದೇ ನಗರದೊಳಗೆ ಐದಾರು ಶಾಲಾ ಜಿಲ್ಲೆ ಇರಬಹುದು. ಬಹುತೇಕ ಜಿಲ್ಲೆಗಳಿಗೆ ಜನ ಆರಿಸಿದ ಮಂಡಳಿ ಇರುತ್ತದೆ. ಆ ಮಂಡಳಿ ತನ್ನ ಗಡಿಯೊಳಗಿನ ಮನೆ, ಜಮೀನು, ಅಂಗಡಿ, ಕಾರ್ಖಾನೆಗಳ ಮೇಲೆ ತೆರಿಗೆ ಹಾಕಿ ಶಾಲೆ ನಡೆಸುತ್ತದೆ. ರಾಜ್ಯ ಸರ್ಕಾರವೂ ಒಂದಿಷ್ಟು ಕೊಡುತ್ತದೆ. ಊರಿನ ಶಾಲೆಗೆ ಊರೇ ಹೊಣೆ ಎಂಬ ಈ ಪದ್ಧತಿಯ ಬೇರು ಬಹಳ ಹಳೆಯದು. 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಒಂದು ಕಾನೂನು ಮಾಡಿ, 50 ಮನೆ ಇರುವ ಪ್ರತಿ ಊರೂ ಓದು ಬರಹ ಕಲಿಸಲು ಒಬ್ಬ ಮೇಷ್ಟ್ರನ್ನು ನೇಮಿಸಬೇಕು ಎಂದಿತು. ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು ಅನ್ನಿಸುತ್ತದೆ. ಆಸ್ತಿ ಅಂದರೆ ಹೊಲ ಮನೆ. ಒಂದೂರಿಗೂ ಪಕ್ಕದೂರಿಗೂ ಅಂಥಾ ಅಂತರ ಇರಲಿಲ್ಲ. ಕಾರ್ಖಾನೆ ಬಂದು, ಎಣ್ಣೆ ಬಾವಿ ಬಂದು, ಶ್ರೀಮಂತರ ಬಡಾವಣೆ ಬೇರೆ, ಬಡವರ ಕೇರಿ ಬೇರೆ ಆದ ಮೇಲೆ ಲೆಕ್ಕ ತಪ್ಪಿತು.

ಎಷ್ಟು ತಪ್ಪಿತು ಅನ್ನುವುದಕ್ಕೆ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರ ನೋಡಬೇಕು.

ನಗರದ ಪಶ್ಚಿಮ ಭಾಗದಲ್ಲಿ ಎಡ್ಜ್‌ವುಡ್ ಎಂಬ ಶಾಲಾ ಜಿಲ್ಲೆ. 25 ಶಾಲೆ, ಸುಮಾರು 22,000 ಮಕ್ಕಳು. ನೂರರಲ್ಲಿ 90 ಮಕ್ಕಳು ಮೆಕ್ಸಿಕೊ ಮೂಲದವರು. ದೊಡ್ಡ ಅಂಗಡಿ ಇಲ್ಲ, ಕಾರ್ಖಾನೆ ಇಲ್ಲ, ಇರುವುದೆಲ್ಲ ಕೂಲಿಕಾರರ ಸಣ್ಣ ಮನೆಗಳು. ಅದೇ ನಗರದಲ್ಲಿ ಅಲಾಮೊ ಹೈಟ್ಸ್ ಎಂಬ ಇನ್ನೊಂದು ಶಾಲಾ ಜಿಲ್ಲೆ. 6 ಶಾಲೆ, ಸುಮಾರು 5,000 ಮಕ್ಕಳು, ಬಹುತೇಕ ಬಿಳಿಯರು, ಉಳ್ಳವರು.

1967-68ರ ಲೆಕ್ಕ ಕೋರ್ಟಿನ ದಾಖಲೆಯಲ್ಲಿದೆ. ನಿಧಾನವಾಗಿ ಓದಿ. ಜಿಲ್ಲೆಯ ಒಟ್ಟು ಆಸ್ತಿ ಬೆಲೆಯನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಎಡ್ಜ್‌ವುಡ್‌ನಲ್ಲಿ ಒಂದು ಮಗುವಿನ ಹಿಂದೆ 5,960 ಡಾಲರ್ ಆಸ್ತಿ ಇತ್ತು, ಅಲಾಮೊ ಹೈಟ್ಸ್‌ನಲ್ಲಿ 49,000 ಡಾಲರಿಗೂ ಹೆಚ್ಚು. ಹಾಗಾದರೆ ಬಡವರು ಕಡಿಮೆ ತೆರಿಗೆ ಹಾಕಿಕೊಂಡಿದ್ದರೇ? ಉಲ್ಟಾ. ನೂರು ಡಾಲರ್ ಬೆಲೆಯ ಆಸ್ತಿಗೆ ಎಡ್ಜ್‌ವುಡ್‌ನವರು ಕಟ್ಟುತ್ತಿದ್ದದ್ದು 1 ಡಾಲರ್ 5 ಸೆಂಟ್. ಇಡೀ ನಗರ ಪ್ರದೇಶದಲ್ಲೇ ಅತಿ ಹೆಚ್ಚಿನ ದರ ಅದು. ಅಲಾಮೊ ಹೈಟ್ಸ್‌ನವರು ಕಟ್ಟುತ್ತಿದ್ದದ್ದು 85 ಸೆಂಟ್. ರಾಜ್ಯದ ಯೋಜನೆಗೆ ಸಲ್ಲಬೇಕಾದ ಪಾಲು ಕಳೆದ ಮೇಲೆ, ಈ ಸ್ಥಳೀಯ ತೆರಿಗೆಯಿಂದ ಎಡ್ಜ್‌ವುಡ್ ಮಗುವಿಗೆ ದಕ್ಕಿದ್ದು ವರ್ಷಕ್ಕೆ 26 ಡಾಲರ್. ಅಲಾಮೊ ಹೈಟ್ಸ್ ಮಗುವಿಗೆ 333 ಡಾಲರ್.

ರಾಜ್ಯ ಸರ್ಕಾರ ಈ ಅಂತರ ತುಂಬುತ್ತಿತ್ತೇ? ಎಡ್ಜ್‌ವುಡ್ ಮಗುವಿಗೆ ರಾಜ್ಯ ಕೊಟ್ಟದ್ದು 222 ಡಾಲರ್, ಅಲಾಮೊ ಹೈಟ್ಸ್ ಮಗುವಿಗೆ 225. ಉಳ್ಳವರಿಗೇ 3 ಡಾಲರ್ ಜಾಸ್ತಿ! ಕೇಂದ್ರ ಸರ್ಕಾರದ ಸಹಾಯಧನ ಮಾತ್ರ ಬಡ ಮಕ್ಕಳಿಗೆ ಹೆಚ್ಚು ಬರುತ್ತಿತ್ತು. ಎಲ್ಲ ಕೂಡಿಸಿದರೂ ಇಲ್ಲಿ 356, ಅಲ್ಲಿ 594.

ಇದರ ಪರಿಣಾಮ ಕ್ಲಾಸಿನೊಳಗೆ ಕಾಣುತ್ತಿತ್ತು. ಎಡ್ಜ್‌ವುಡ್ ಮೇಷ್ಟ್ರುಗಳಲ್ಲಿ ನೂರಕ್ಕೆ 47 ಮಂದಿ ಪೂರ್ತಿ ಅರ್ಹತೆ ಇಲ್ಲದೆ ತುರ್ತು ಪರವಾನಗಿಯ ಮೇಲೆ ಪಾಠ ಮಾಡುವವರು. ಅಲಾಮೊ ಹೈಟ್ಸ್‌ನಲ್ಲಿ ಅಂಥವರು ನೂರಕ್ಕೆ 11. ನಮ್ಮ ಅತಿಥಿ ಶಿಕ್ಷಕರ ಪಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆಯ ಮೇಲಿನ ಮಹಡಿಯಲ್ಲಿ ಬಾವಲಿಗಳು ಮನೆ ಮಾಡಿದ್ದವು.

1968ರ ಮೇ 16ರಂದು ಎಡ್ಜ್‌ವುಡ್ ಹೈಸ್ಕೂಲಿನ ಮಕ್ಕಳು ಕ್ಲಾಸು ಬಿಟ್ಟು ಬೀದಿಗೆ ಬಂದರು. ಒಳ್ಳೇ ಮೇಷ್ಟ್ರು ಕೊಡಿ, ಕಟ್ಟಡ ರಿಪೇರಿ ಮಾಡಿ ಎಂಬುದು ಬೇಡಿಕೆ. ಮಕ್ಕಳು ಎದ್ದ ಮೇಲೆ ಅಪ್ಪ ಅಮ್ಮಂದಿರೂ ಎದ್ದರು. ಅವರಲ್ಲೊಬ್ಬರು ಡೆಮೆಟ್ರಿಯೊ ರೊಡ್ರಿಗೆಜ್. ಹಿಂದೆ ಸೇನೆಯಲ್ಲಿದ್ದವರು, ಆಗ ಕೆಲ್ಲಿ ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು.

ಇಲ್ಲೊಂದು ಸಂಗತಿ ನನಗೆ ತುಂಬಾ ನಮ್ಮೂರಿನದು ಅನ್ನಿಸಿತು. ಪೋಷಕರು ವಕೀಲ ಆರ್ಥರ್ ಗಾಕ್‌ಮನ್ ಅವರ ಹತ್ತಿರ ಹೋದಾಗ ಅವರ ಸಂಶಯ ಇದ್ದದ್ದು ಸ್ಥಳೀಯ ಶಾಲಾ ಆಡಳಿತದ ಮೇಲೆ. ದುಡ್ಡನ್ನು ಇವರೇ ಎಲ್ಲೋ ಹಾಳು ಮಾಡುತ್ತಿದ್ದಾರೆ ಎಂದು. ನಾವೂ ಮೊದಲು ಬೊಟ್ಟು ಮಾಡುವುದು ಹೆಡ್‌ಮೇಷ್ಟ್ರ ಕಡೆ, ಪಿಡಿಒ ಕಡೆ. ವಕೀಲರು ಲೆಕ್ಕ ಬಿಚ್ಚಿ ತೋರಿಸಿದರು. ನಿಮ್ಮ ಜಿಲ್ಲೆಯಲ್ಲಿ ತೆರಿಗೆ ಹಾಕಲು ಆಸ್ತಿಯೇ ಇಲ್ಲ, ದೋಷ ಇರುವುದು ರಾಜ್ಯ ಮಾಡಿದ ಹಣಕಾಸಿನ ಪದ್ಧತಿಯಲ್ಲಿ ಎಂದರು. ಆ ಬೇಸಿಗೆಯಲ್ಲೇ ಕೇಸು ದಾಖಲಾಯಿತು.

1971ರ ಡಿಸೆಂಬರಿನಲ್ಲಿ ಮೂವರು ನ್ಯಾಯಾಧೀಶರ ಫೆಡರಲ್ ಪೀಠ ಪೋಷಕರ ಪರ ತೀರ್ಪು ಕೊಟ್ಟಿತು. ಟೆಕ್ಸಸ್ ಸರ್ಕಾರ ಮೇಲ್ಮನವಿ ಹೋಯಿತು. 1973ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುವಿ ಹಾಕಿತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದವರು ಲೂಯಿಸ್ ಪಾವೆಲ್. ಅವರ ವಾದ ಎರಡು ಎಳೆಯದು: ಶಿಕ್ಷಣ ಅಮೆರಿಕದ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕಲ್ಲ, ಮತ್ತು ಶಾಲೆ ಊರಿನವರ ಹಿಡಿತದಲ್ಲಿ ಇರಬೇಕೆಂಬ ಉದ್ದೇಶ ನ್ಯಾಯವಾದದ್ದೇ.

ಊರಿನ ಹಿಡಿತ. ಕೇಳಲು ಎಷ್ಟು ಚೆಂದ! ಆದರೆ ಭಿನ್ನಮತದ ನ್ಯಾಯಮೂರ್ತಿ ಬೈರನ್ ವೈಟ್ ಒಂದು ಲೆಕ್ಕ ಎತ್ತಿ ತೋರಿಸಿದರು. ಆ ಪ್ರದೇಶದಲ್ಲಿ ಅತಿ ಹೆಚ್ಚು ಹಣ ಎತ್ತುವ ಜಿಲ್ಲೆಯ ಸಮಕ್ಕೆ ಬರಬೇಕಾದರೆ ಎಡ್ಜ್‌ವುಡ್‌ನವರು ನೂರು ಡಾಲರಿಗೆ 5 ಡಾಲರ್ 76 ಸೆಂಟ್ ತೆರಿಗೆ ಹಾಕಿಕೊಳ್ಳಬೇಕಿತ್ತು. ರಾಜ್ಯದ ಕಾನೂನೇ 1 ಡಾಲರ್ 50 ಸೆಂಟಿಗಿಂತ ಮೇಲೆ ಹೋಗಬಾರದು ಎಂದು ಮಿತಿ ಹಾಕಿತ್ತು. ಹೊಟ್ಟೆ ಕಟ್ಟಿ ಕಟ್ಟುತ್ತೇವೆ ಅಂದರೂ ಕಟ್ಟುವ ಹಾಗಿಲ್ಲ. ಇನ್ನೊಬ್ಬ ಭಿನ್ನಮತದ ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್. ಕರಿಯ ಮಕ್ಕಳಿಗೆ ಬೇರೆ ಶಾಲೆ ಎಂಬ ಪದ್ಧತಿಯ ವಿರುದ್ಧ 1954ರಲ್ಲಿ ವಕೀಲರಾಗಿ ಗೆದ್ದವರು ಅವರೇ. ಮಗು ಯಾವ ಜಿಲ್ಲೆಯಲ್ಲಿ ಹುಟ್ಟಿತು ಎಂಬುದರ ಮೇಲೆ ಅದರ ಓದು ನಿಲ್ಲುವುದನ್ನು ಒಪ್ಪಲಾರೆ ಎಂದು ಉದ್ದಕ್ಕೆ ಬರೆದರು. ಬರೆದರೇನು, ಒಂದು ವೋಟು ಕಡಿಮೆ ಬಿತ್ತು.

ರೊಡ್ರಿಗೆಜ್ ಮತ್ತು ಇತರ ಪೋಷಕರು ಅಲ್ಲಿಗೆ ಬಿಡಲಿಲ್ಲ. ದೇಶದ ಸಂವಿಧಾನದಲ್ಲಿ ಶಿಕ್ಷಣದ ಮಾತಿಲ್ಲದಿದ್ದರೂ ಟೆಕ್ಸಸ್ ರಾಜ್ಯದ ಸಂವಿಧಾನದಲ್ಲಿ ಇತ್ತು. ಸಮರ್ಥವಾದ ಉಚಿತ ಶಾಲಾ ವ್ಯವಸ್ಥೆ ನಡೆಸುವುದು ರಾಜ್ಯದ ಕರ್ತವ್ಯ ಎಂದು ಅದು ಹೇಳುತ್ತದೆ. ಅದನ್ನೇ ಹಿಡಿದು 1984ರಲ್ಲಿ ರಾಜ್ಯದ ಕೋರ್ಟಿಗೆ ಹೊಸ ಕೇಸು ಹೋಯಿತು. ಅಷ್ಟರಲ್ಲಿ ಅಂತರ ಇನ್ನೂ ಬೆಳೆದಿತ್ತು. ರಾಜ್ಯದ ಅತಿ ಶ್ರೀಮಂತ ಶಾಲಾ ಜಿಲ್ಲೆಯಲ್ಲಿ ಒಂದು ಮಗುವಿನ ಹಿಂದೆ 1 ಕೋಟಿ 40 ಲಕ್ಷ ಡಾಲರ್ ಆಸ್ತಿ, ಅತಿ ಬಡ ಜಿಲ್ಲೆಯಲ್ಲಿ ಸುಮಾರು 20,000 ಡಾಲರ್. ಅಂದರೆ 700 ಪಟ್ಟು. 1989ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಬಡ ಜಿಲ್ಲೆಗಳ ಪರ ನಿಂತರು. ಸರ್ಕಾರ ಕಾನೂನು ಮಾಡುವುದು, ಕೋರ್ಟು ಹೊಡೆದು ಹಾಕುವುದು ಎರಡು ಮೂರು ಸಲ ನಡೆಯಿತು. ಕೊನೆಗೆ 1993ರ ಕಾನೂನು ಉಳಿಯಿತು. ಆಸ್ತಿ ತುಂಬಿರುವ ಜಿಲ್ಲೆಗಳು ಮಿತಿ ಮೀರಿದ ಹಣದ ಪಾಲನ್ನು ಬಿಟ್ಟುಕೊಡಬೇಕು ಎಂಬ ಕಾನೂನು. ಉಳ್ಳವರಿಂದ ಕಿತ್ತು ಬಡವರಿಗೆ ಹಂಚಿದ ಕಥೆಯ ಕಳ್ಳ ರಾಬಿನ್ ಹುಡ್ ಹೆಸರನ್ನೇ ಜನ ಅದಕ್ಕೆ ಇಟ್ಟರು. ಅಲಾಮೊ ಹೈಟ್ಸ್ ಕೂಡ ಕೊಡುವವರ ಸಾಲಿಗೆ ಬಂತು.

ಅದೂ ತಕರಾರಿಲ್ಲದೆ ನಡೆಯುತ್ತಿಲ್ಲ. ರಾಜಧಾನಿ ಆಸ್ಟಿನ್‌ನಲ್ಲಿ ಜಾಗದ ಬೆಲೆ ಆಕಾಶಕ್ಕೇರಿದೆ, ಹಾಗಾಗಿ ಲೆಕ್ಕದಲ್ಲಿ ಅದು ಶ್ರೀಮಂತ ಜಿಲ್ಲೆ, ಅತಿ ಹೆಚ್ಚು ಹಣ ಬಿಟ್ಟುಕೊಡುವ ಜಿಲ್ಲೆ. ಆದರೆ ಅಲ್ಲಿನ ಸರ್ಕಾರಿ ಶಾಲೆಗೆ ಬರುವ ಮಕ್ಕಳಲ್ಲಿ ಬಡವರೂ ಬಹಳ. ಮನೆಯ ಬೆಲೆ ಏರಿದ ಮಾತ್ರಕ್ಕೆ ಮನೆಯವನ ಜೇಬು ತುಂಬುವುದಿಲ್ಲವಲ್ಲ. ಬೆಂಗಳೂರು ಸುತ್ತಮುತ್ತ ಸೈಟಿನ ರೇಟು ನೋಡಿದವರಿಗೆ ಇದು ಗೊತ್ತು.

ಇಷ್ಟಕ್ಕೂ ಜಮೀನಿನ ಮೇಲೆ ಕರ ಹಾಕಿ ಶಾಲೆ ನಡೆಸುವುದು ನಮ್ಮ ಕಡೆಗೂ ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1860ರ ದಶಕದಲ್ಲಿ, ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಸ್ಥಳೀಯ ಕರ ಬಂತು. ಅದರಲ್ಲಿ ಮೂರನೇ ಒಂದು ಪಾಲು ಶಾಲೆಗೆ. ರೈತ ಕಟ್ಟಿದ ಈ ಹಣ ಪಟ್ಟಣದ ಶಾಲೆಗಳ ಪಾಲಾಗುವುದೇ ಎಂಬ ಆತಂಕವೂ ಆಗಲೇ ಇತ್ತು. ಹಳ್ಳಿಯ ಶಾಲಾ ನಿಧಿ, ಪಟ್ಟಣದ ಶಾಲಾ ನಿಧಿ ಬೇರೆ ಬೇರೆ ಇರಬೇಕು ಎಂದು 1882ರ ಹಂಟರ್ ಆಯೋಗ ಹೇಳಬೇಕಾಯಿತು. ಮೈಸೂರು ಸಂಸ್ಥಾನ 1930ರ ಕಾಯ್ದೆಯಲ್ಲಿ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತು. ಹನ್ನೊಂದೇ ವರ್ಷಕ್ಕೆ, 1941ರಲ್ಲಿ, ಸರ್ಕಾರ ಮತ್ತೆ ತಾನೇ ವಹಿಸಿಕೊಂಡಿತು.

ಇವತ್ತು ಬೀದರಿನ ಹಳ್ಳಿಯ ಮೇಷ್ಟ್ರಿಗೂ ದೇವನಹಳ್ಳಿ ಮೇಷ್ಟ್ರಿಗೂ ಸಂಬಳ ಬರುವುದು ರಾಜ್ಯದ ಒಂದೇ ಖಜಾನೆಯಿಂದ. ಊರಿನಲ್ಲಿ ರೆಸಾರ್ಟ್ ಇದೆಯೋ ಇಲ್ಲವೋ ಎಂದು ಖಜಾನೆ ಕೇಳುವುದಿಲ್ಲ. ಹುದ್ದೆ ಖಾಲಿ ಬಿಡುವುದು, ವರ್ಗಾವಣೆಯಲ್ಲಿ ಸತಾಯಿಸುವುದು ಎಲ್ಲ ಇದೆ, ಅದರ ಮೇಲೆ ನಾನೇ ಎಷ್ಟೋ ವರದಿ ಬರೆದಿದ್ದೇನೆ. ಆದರೆ ಖಾಲಿ ಹುದ್ದೆ ತುಂಬಿ ಎಂದು ಬೆಂಗಳೂರಿನ ಮುಂದೆ ಜಗಳ ಆಡಬಹುದು. ನಮ್ಮ ಕಂದಾಯದಿಂದ ನಾವೇ ಮೇಷ್ಟ್ರನ್ನು ಇಟ್ಟುಕೊಂಡ ಮೇಲೆ ಯಾರ ಹತ್ತಿರ ಜಗಳ ಆಡುವುದು?

ಶಾಲೆಗೆ ಊರಿನವರು ದುಡ್ಡು ಹಾಕಬಾರದು ಎಂದು ನಾನು ಹೇಳುತ್ತಿಲ್ಲ. ಕಾಂಪೌಂಡು, ಬಣ್ಣ, ಕುಡಿಯುವ ನೀರಿನ ಟ್ಯಾಂಕು ಹಳೇ ವಿದ್ಯಾರ್ಥಿಗಳಿಂದ ಎಷ್ಟೋ ಕಡೆ ಆಗಿದೆ, ಆಗಲಿ. ಮೇಷ್ಟ್ರ ಸಂಬಳದ ಮಾತು ಬೇರೆ.

ಆವತ್ತಿನ ಗ್ರಾಮಸಭೆಯಲ್ಲಿ ಚಪ್ಪಾಳೆ ನಿಂತ ಮೇಲೆ ಪಿಡಿಒ ಮೇಡಂ, "ಹೊಸ ಕರ ಆಮೇಲೆ ನೋಡೋಣ. ಈ ವರ್ಷದ ಮನೆ ಕಂದಾಯ ಎಷ್ಟು ಜನ ಕಟ್ಟಿದ್ದೀರಿ, ಕೈ ಎತ್ತಿ" ಅಂದರು. ಎತ್ತಿದ್ದು ಎಂಟೋ ಹತ್ತೋ ಕೈ. ತಾತನದೂ ಒಂದು. ಶಾಲೆಯ ವಿಷಯ ಮುಂದಿನ ಸಭೆಗೆ ಹೋಯಿತು.